ಜಟ್ಟಿಗೆ ಕೇಳಿಸಿದ ಲೋನಾ

ಬಿಣಗಾದ ಜಟ್ಟಿ ಊರಿನ ಕಾರ್ಖಾನೆಯ ಗೋದಾಮಿನಲ್ಲಿ ಚೀಲ ಎಣಿಸುವವ. ಕಾರವಾರದ ಸಮುದ್ರದ ತೆರೆಗಳು ಒಂದೊಂದಾಗಿ ಬರುವುದು ಇವನ ಎಣಿಕೆಗೆ ಹೆದರಿಯೇ. ಕಿವಿಯನ್ನು ಮಾತ್ರ ಯಂತ್ರಗಳಿಗೆ ಒಪ್ಪಿಸಿಬಿಟ್ಟಿದ್ದ. ಪಕ್ಕದ ಗುಡ್ಡಕ್ಕೆ ಮದ್ದಿಟ್ಟು ಸಿಡಿಸಿದರೂ ಯಾರೋ ಕೆಮ್ಮಿದರು ಎನ್ನುತ್ತಿದ್ದ. ೨೦೦೬ರಲ್ಲಿ ಅಂಕೋಲೆಯಲ್ಲಿ ನಡೆದ ಕಬಡ್ಡಿ ಲೀಗಿನಲ್ಲಿ ಅಂಕ ಬರೆಯಲು ಕೂರಿಸಿದ್ದು ಇವನನ್ನೇ.

ಲೀಗು ಮುಗಿದಾಗ ಫೈನಲ್ಲಿನ ಕೊನೆಯ ಜಾಗಕ್ಕೆ ಬಿಣಗಾ, ರಾಮನಗುಳಿ ಎರಡೂ ಸಮ ನಿಂತವು. ಗೆಲುವು ಸಮ, ಪರಸ್ಪರ ಆಡಿದ ಪಂದ್ಯವೂ ಸಮ. ಉಳಿದದ್ದು ಮೂರನೆಯ ನಿಯಮ: ಎಲ್ಲ ಪಂದ್ಯಗಳಲ್ಲಿ ಗಳಿಸಿದ ಅಂಕದಿಂದ ಬಿಟ್ಟುಕೊಟ್ಟ ಅಂಕ ಕಳೆದು, ಹೆಚ್ಚು ಉಳಿದವರು ಮುಂದೆ. ಬಿಣಗಾಕ್ಕೆ ಮೂವತ್ತೊಂದು, ರಾಮನಗುಳಿಗೆ ಮೂವತ್ತು.

ಬಿಣಗಾದ ನಾಯಕ ಭಾಸ್ಕರ, ಜಟ್ಟಿಯ ಹೆಂಡತಿ ಮಂಗಲಾಳ ತಮ್ಮ. ಹನ್ನೆರಡು ವರ್ಷ ಆಡಿಯೂ ಫೈನಲ್ ಕಾಣದವ. ಮೊಣಕಾಲು ಸವೆದು, ಅವನು ಕೂತರೆ ಯಲ್ಲಾಪುರದವರೆಗೂ ಸದ್ದು ಕೇಳುತ್ತಿತ್ತು. ಇದೇ ಕೊನೆಯ ವರ್ಷ ಎಂದು ಎಲ್ಲರಿಗೂ ಗೊತ್ತಿತ್ತು.

ಜಟ್ಟಿ ಮತ್ತೊಮ್ಮೆ ಪುಸ್ತಕ ತಿರುವಿದ. ಮಂಜಗುಣಿಯ ವಿರುದ್ಧ ಗೆದ್ದ ಪಂದ್ಯದಲ್ಲಿ ಬಿಣಗಾಕ್ಕೆ ಒಂದು ಲೋನಾ ಬರೆದಿತ್ತು. ಎದುರಿನ ಏಳೂ ಜನ ಔಟಾದರೆ ಸಿಗುವ ಎರಡು ಹೆಚ್ಚುವರಿ ಅಂಕ ಅದು. ಪುಸ್ತಕದಲ್ಲಿ ಆ ಹೊತ್ತಿಗೆ ಔಟಾದವರು ನಾಲ್ಕೇ ಜನ.

ಕಾರವಾರದ ಅಂಪೈರ್ ರಾಮನಾಥರನ್ನು ಕೇಳಿದ: "ಅವತ್ತು ನೀವು ಲೋನಾ ಅಂದ್ರಲ್ಲ?"

"ಎಂತ ಲೋನಾ ಮಾರಾಯಾ? ಇಬ್ಬರನ್ನ ಮುಟ್ಟಿದ್ದ, ದೋನ್ ಅಂದೆ."

ಮನೆಯ ಕೊಂಕಣಿ ಬಾಯಿಗೆ ಬಂದು ಎರಡಕ್ಕೆ ದೋನ್ ಎಂದಿದ್ದರು. ಮುಟ್ಟಿದ ಎರಡು ಅಂಕವನ್ನು ಜಟ್ಟಿ ಕಣ್ಣಾರೆ ಕಂಡು ಬರೆದಿದ್ದ. ಕಿವಿಯಾರೆ ಕೇಳಿ ಇನ್ನೆರಡು ಸೇರಿಸಿದ್ದ.

ಭಾಸ್ಕರ ಅವನನ್ನು ಪಕ್ಕಕ್ಕೆ ಎಳೆದ. "ಭಾವ, ಪುಸ್ತಕಕ್ಕೆ ಇಬ್ಬರೂ ನಾಯಕರ ಸಹಿ ಆಗಿದೆ. ಈಗ ಎಂತಕ್ಕೆ ಕೆದಕ್ತ್ರಿ?"

"ಸಹಿ ಹಾಕಿದ್ರೆ ನಾಲ್ಕು ಜನ ಏಳಾಗ್ತಾರನೋ?"

"ಇಷ್ಟು ವರ್ಷದಲ್ಲಿ ನಿಮ್ಮ ಕಿವಿ ಒಂದೇ ಒಂದು ಒಳ್ಳೇ ಕೆಲ್ಸ ಮಾಡಿತ್ತು. ಅದನ್ನೂ ಹಾಳು ಮಾಡ್ತ್ರಿ."

ಜಟ್ಟಿ ಎರಡು ಅಂಕ ಹೊಡೆದು ಹಾಕಿದ. ಇಪ್ಪತ್ತೊಂಬತ್ತು. ಫೈನಲ್ಲಿಗೆ ಹೋದ ರಾಮನಗುಳಿ ಹನ್ನೊಂದು ಅಂಕದಿಂದ ಸೋತಿತು. ಅದರಿಂದ ಭಾಸ್ಕರನ ಮೊಣಕಾಲೇನೂ ವಾಸಿಯಾಗಲಿಲ್ಲ. ಅವನು ಮತ್ತೆ ಆಡಲಿಲ್ಲ.

ನಾಲ್ಕು ತಿಂಗಳು ಅಕ್ಕನ ಮನೆಗೂ ಬರಲಿಲ್ಲ. ಬಂದ ದಿನ ಮಂಗಲಾ ಮೀನು ಹುರಿಯುತ್ತ ಒಳಗಿಂದ ಕೇಳಿದಳು: "ಬಂಗಡೆ ಎಷ್ಟು ಹಾಕ್ಲೋ?"

"ದೋನ್. ಭಾವನ ಹತ್ರ ಹೇಳಿ ಕಳಿಸ್ಬೇಡ, ಏಳು ತರ್ತಾರೆ."

ಜಟ್ಟಿಯೇ ಎದ್ದು ಹೋದ. ಬಾಣಲೆಯ ಮುಂದೆ ನಿಂತು ಎರಡು ಸಲ ಎಣಿಸಿ, ಎರಡೇ ತಂದಿಟ್ಟ.