ಕೀವಿಲ್ಲದ ಹುಣ್ಣು

ನಮ್ಮ ಚಿಕ್ಕಮ್ಮನಿಗೆ ಊಟದ ಹೊತ್ತಿಗೇ ಕೀವಿನ ನೆನಪಾಗುತ್ತಿತ್ತು. ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವುದು ಅವಳ ಕೆಲಸ. ಯಾರದೋ ಬೆನ್ನಿನ ಕುರು ಒಡೆದು ಏನೇನು ಹರಿಯಿತು ಎಂದು ತುತ್ತಿಗೊಮ್ಮೆ ವರ್ಣಿಸುವಳು. "ಕೀವು ಅಂದ್ರೆ ನಂಗಾಗಲ್ಲಪ್ಪ, ಥೂ!" ಎಂದು ತಾನೇ ಮುಖ ಸಿಂಡರಿಸಿ ಇನ್ನೊಂದು ಸೌಟು ಬಡಿಸಿಕೊಳ್ಳುವಳು. ತುತ್ತು ಇಳಿಯದೆ ಒದ್ದಾಡುವವನು ನಾನು.

ನನ್ನ ಮಗನ ಹೊಕ್ಕುಳಬಳ್ಳಿ ಉದುರುವ ಕಾಲ ಕಳೆದರೂ ಕಪ್ಪಗೆ ಅಂಟಿಕೊಂಡೇ ಇತ್ತು. ಕೊನೆಗೆ ಉದುರಿದ ಜಾಗ ಹುಣ್ಣಾಯಿತು. ಚಿಕ್ಕಮ್ಮ ದಿನಾ ಬಂದು ತೊಳೆದಳು. ಅಂಚು ಕೊಳೆಯುತ್ತಾ ಹೋಯಿತು, ಆದರೆ ಒಂದು ಹನಿ ಕೀವಿಲ್ಲ.

"ನೋಡೋ ನನ್ನ ಕೈಗುಣ! ಎಷ್ಟು ಚೊಕ್ಕವಾಗಿದೆ!" ಎಂದು ಬೀಗಿದಳು. ನೋಡಲು ಬಂದ ನೆಂಟರೂ ತಲೆದೂಗಿದರು. ಮಗು ಜ್ವರದಲ್ಲಿ ಬೇಯುತ್ತಿತ್ತು, ಇವರು ಶುಚಿಯನ್ನು ಹೊಗಳುತ್ತಿದ್ದರು. ಆ ಹೊಗಳಿಕೆ ನೆನೆದರೆ ಈಗಲೂ ವಾಕರಿಕೆ ಬರುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ. ಜ್ವರ ಇಳಿಯದೆ ಚಿಕ್ಕಮ್ಮನ ಆಸ್ಪತ್ರೆಗೇ ಒಯ್ದೆವು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: "ಬಿಳಿ ರಕ್ತಕಣ ಬೇಕಾದ್ದಕ್ಕಿಂತ ಜಾಸ್ತಿನೇ ಇವೆ. ಆದ್ರೆ ಅವುಗಳ ಮೈಮೇಲೆ ಇರಬೇಕಾದ ಕೊಕ್ಕೆ ಇಲ್ಲ. ಅದರಿಂದ್ಲೇ ರಕ್ತನಾಳದ ಗೋಡೆ ಹಿಡ್ಕೊಂಡು, ಹೊರಗೆ ನುಸುಳಿ, ಹುಣ್ಣಿಗೆ ಹೋಗೋದು. ರೋಗಾಣೂನ ಹಿಡಿದು ನುಂಗೋಕೂ ಅದೇ ಬೇಕು. ಇವು ಸುಮ್ನೆ ರಕ್ತದಲ್ಲಿ ತೇಲ್ತಾ ಇವೆ."

"ಮತ್ತೆ ಕೀವು?" ಎಂದಳು ಚಿಕ್ಕಮ್ಮ.

"ರೋಗಾಣು ನುಂಗಿ ಸತ್ತ ಕಣಗಳೇ ಅಲ್ವೇ ಅಕ್ಕ, ಕೀವು? ಅಲ್ಲಿಗೆ ಹೋಗೋರೇ ಇಲ್ಲ, ಸಾಯೋರು ಯಾರು?"

ಚಿಕ್ಕಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು. ಆಮೇಲೆ ಬಹಳ ದಿನ ಊಟದ ಹೊತ್ತಿಗೆ ಕೀವಿನ ಮಾತೆತ್ತಲಿಲ್ಲ.

ನನ್ನ ದೊಡ್ಡ ಮಗಳ ಮೂಳೆಯ ಮಜ್ಜೆ ತಮ್ಮನಿಗೆ ಹೊಂದಿತು. ಅದನ್ನು ಅವನಿಗೆ ಹಾಕಿದರು. ಅದು ಬೇರೂರಿ ಕೊಕ್ಕೆಯಿರುವ ಹೊಸ ಕಣಗಳನ್ನು ಹುಟ್ಟಿಸದಿದ್ದರೆ ಮಗು ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಕಾದೆವು. ವಾಂತಿಯ ಹುಳಿ ವಾಸನೆ, ಕೊಳೆತ ಚರ್ಮದ ನಾತ, ನೆಲ ಒರೆಸುವ ಔಷಧಿಯ ಘಾಟು ಎಲ್ಲವೂ ನನ್ನ ಅಂಗಿಗೆ ಹತ್ತಿದ್ದವು. ನನ್ನ ಮೈ ನನಗೇ ಅಸಹ್ಯವಾಗಿತ್ತು.

ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದ ಚಿಕ್ಕಮ್ಮ ಕಿರುಚಿದಳು. ಓಡಿದೆ. ಹತ್ತಿಯ ತುಂಬ ಹಳದಿಹಸಿರು ಲೋಳೆ, ಗಟ್ಟಿಯಾಗಿ, ನೂಲು ನೂಲಾಗಿ ಎಳೆಯುತ್ತಿತ್ತು.

"ಕೀವು ಕಣೋ! ಥೂ, ಎಷ್ಟು ಗಲೀಜು ಮಾಡ್ಕೊಂಡಿದಾನೆ ನನ್ನ ಬಂಗಾರ!" ಅಳುತ್ತಲೇ ಅದನ್ನು ನನ್ನ ಹೆಂಡತಿಗೆ ತೋರಿಸಿದಳು, ನರ್ಸಿಗೆ ತೋರಿಸಿದಳು, ಕೊನೆಗೆ ನನ್ನ ಮೂಗಿಗೇ ಹಿಡಿದಳು.

ಬಚ್ಚಲಿಗೆ ಓಡಿ ಕಕ್ಕಿದೆ. ಬಾಯಿ ತೊಳೆದು ಬಂದು, "ಇನ್ನೊಂದ್ಸಲ ತೋರಿಸು ಚಿಕ್ಕಮ್ಮ" ಎಂದೆ.