ಡೀಪ್ ಫ್ರೀಜರಿನಲ್ಲಿ ನವಾಹೊ ರಗ್ಗು

ಉಲ್ಹಾಸನಗರದ ಹಳೇ ಫರ್ನಿಚರ್ ಅಂಗಡಿಯವನು ಅದನ್ನು ಕಾಶ್ಮೀರದ್ದೆಂದು ಮಾರಿದ್ದ. ನಾನು ತಿದ್ದಲು ಹೋಗಲಿಲ್ಲ. ಅಮೆರಿಕದ ಒಣಸೀಮೆಯ ನವಾಹೊ ಹೆಂಗಸರು ಕೈಮಗ್ಗದಲ್ಲಿ ನೇಯುವ ಉಣ್ಣೆಯ ರಗ್ಗುಗಳನ್ನು ಕಾನ್ವೆಂಟ್ ಲೈಬ್ರರಿಯ ಪಿಕ್ಚರ್ ಬುಕ್ಕಿನಲ್ಲಿ ಕಂಡಾಗಲೇ ಮನಸೋತವಳು ನಾನು. ಈ ವಯಸ್ಸಿಗೆ ನಾಲ್ಕು ಸೇರಿವೆ. ಈ ಕೆಂಪಿನದು ಎಲ್ಲಕ್ಕಿಂತ ಹಳೆಯದು, ಮೈ ಡಾರ್ಲಿಂಗ್.

ಹೋದ ಮಳೆಗಾಲ ಘೋಡಬಂದರ್ ರಸ್ತೆಯ ನಮ್ಮ ಫ್ಲ್ಯಾಟಿನಲ್ಲಿ ಅದನ್ನು ಮಗುಚಿದಾಗ, ಅಂಚಿನಲ್ಲಿ ಅಕ್ಕಿಕಾಳಿನಂಥದ್ದೇನೋ ಅಲುಗಾಡಿತು. ಉಣ್ಣೆ ತಿನ್ನುವ ಹುಳು. ತೊಳೆಯುವಂತಿಲ್ಲ, ಒದ್ದೆಯಾದರೆ ಕೆಂಪು ಬಣ್ಣ ಪಕ್ಕದ ಬಿಳಿಗೆ ಇಳಿದು ರಗ್ಗೇ ಹಾಳು. ಉಳಿದ ದಾರಿ ಒಂದೇ, ಹುಳು ಸಾಯುವಷ್ಟು ಚಳಿ.

ನಮ್ಮ ಕರಾವಳಿ ಕಡೆಯವರಿಗೆ ಈ ಪರವೂರಿನಲ್ಲೊಂದು ಅನುಕೂಲವಿದೆ: ಕುಟುಂಬದಲ್ಲಿ ಯಾರದಾದರೂ ಹೋಟೆಲ್ ಇದ್ದೇ ಇರುತ್ತದೆ. ಐರೋಲಿಯಲ್ಲಿ ನನ್ನ ಮೈದುನನದಿದೆ, ದೊಡ್ಡ ಡೀಪ್ ಫ್ರೀಜರ್ ಸಮೇತ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ ಗಂಟನ್ನು ನೋಡಿ ಅವನು ನಕ್ಕ.

"ಎಂಥ ಅತ್ತಿಗೆ, ಡೆಡ್ ಬಾಡಿಯಾ?"

"ಮೀನಿನ ಹತ್ತಿರ ಇಡಬೇಡ, ಪ್ಲೀಸ್."

"ಅಂಜಲ್ ಮೀನಿನ ಪಕ್ಕ ಮಾತ್ರ ಜಾಗ ಉಂಟು. ಹೆದರ್ಬೇಡಿ, ಮಸಾಲೆ ಹಾಕುದಿಲ್ಲ."

ನಮ್ಮಲ್ಲಿ ಕರೆಂಟು ಹೋದಾಗಲೆಲ್ಲ ಐರೋಲಿಯಲ್ಲೂ ಹೋಯಿತೇ ಎಂದು ಫೋನ್ ಮಾಡುತ್ತಿದ್ದೆ. ಹೊರತೆಗೆದ ಮೇಲೂ ಚಳಿ ಪೂರ್ತಿ ಬಿಡುವ ತನಕ ಪ್ಲಾಸ್ಟಿಕ್ ಬಿಚ್ಚಬಾರದೆಂದು ಪ್ರತಿ ಸಲ ಹೇಳುತ್ತಿದ್ದೆ.

ತೆಗೆಯುವ ದಿನ ನಾನು ಹೋಗುವಷ್ಟರಲ್ಲಿ ರಗ್ಗು ಟೇಬಲ್ಲಿನ ಮೇಲೆ ಹರಡಿತ್ತು. ಫ್ರೀಜರಿನಿಂದ ತೆಗೆದದ್ದನ್ನು ತಕ್ಷಣ ಕವರ್ ಬಿಚ್ಚಿಡುವುದು ಆ ಅಡುಗೆಮನೆಯ ರೂಢಿ; ಮೀನಿಗೆ ಮಾಡಿದ್ದನ್ನೇ ಮೈದುನ ರಗ್ಗಿಗೂ ಮಾಡಿದ್ದ. ಮಳೆಗಾಲದ ಗಾಳಿ ತಾಗಿ ತಣ್ಣನೆಯ ಉಣ್ಣೆಯ ಮೇಲೆಲ್ಲ ಸಣ್ಣ ಸಣ್ಣ ಹನಿ.

"ಫ್ಯಾನ್! ಫ್ಯಾನ್ ಹಾಕು!" ಎಂದು ಕಿರುಚಿದೆ.

"ನಾನು ನೀರು ಹಾಕ್ಲಿಲ್ಲ ಮಾರಾಯ್ರೆ! ಅದೇ ಬೆವರಿದ್ದು."

ಬಿಳಿ ಕರ್ಚೀಫನ್ನು ಕೆಂಪಿನ ಮೇಲೆ ಒತ್ತಿ ಹಿಡಿದೆ. ಎತ್ತಿ ನೋಡುವ ಧೈರ್ಯ ಬರಲಿಲ್ಲ, ಅವನೇ ಎತ್ತಿದ. ಕರ್ಚೀಫಿನ ಒಂದು ಮೂಲೆಯಲ್ಲಿ ತಿಳಿ ಗುಲಾಬಿ. ರಗ್ಗಿನ ಬಿಳಿ ಪಟ್ಟೆಗೆ ಇನ್ನೂ ಇಳಿದಿರಲಿಲ್ಲ, ಅಥವಾ ನನ್ನ ಕಣ್ಣಿಗೆ ಕಾಣಲಿಲ್ಲ. ಒಣಗುವ ತನಕ ಅಲ್ಲೇ ಕೂತೆ.

"ಮುಗೀತಲ್ಲ ಅತ್ತಿಗೆ, ಚಾ ಕುಡೀರಿ."

ಮುಗಿದಿರಲಿಲ್ಲ. ಮೊದಲ ಚಳಿಗೆ ಸಾಯದ ಮೊಟ್ಟೆಗಳು ಬೆಚ್ಚಗಾದ ಮೇಲೆ ಒಡೆಯುತ್ತವಂತೆ, ಇನ್ನೊಮ್ಮೆ ಒಳಗಿಡಲೇಬೇಕು. ಇಟ್ಟರೆ ತೆಗೆಯುವ ದಿನವೂ ಮತ್ತೆ ಬರುತ್ತದೆ. ಹೊಸ ಪ್ಲಾಸ್ಟಿಕ್ ಸುತ್ತಿ ಹೇಳಿದೆ, "ಫ್ರೀಜರಿನ ಕೀ ನನ್ನ ಹತ್ತಿರ ಇರಲಿ."

"ಮತ್ತೆ ಮೀನು ತೆಗೆಯುದು ಹೇಗೆ?"

"ಫೋನ್ ಮಾಡು. ಬರುತ್ತೇನೆ."