ಮಾಸ್ಟರ್‌ಗೆ ಸ್ತ್ರೀಲಿಂಗ

ರೈಲ್ವೆಯಲ್ಲಿದ್ದ ಗಂಡನಿಗೆ ಹುಬ್ಬಳ್ಳಿಯಿಂದ ಸೂರತ್‌ಗೆ ವರ್ಗವಾದಾಗ ನನ್ನ ಹತ್ತಿರ ಒಂದು ಟೆಕ್ಸ್‌ಟೈಲ್ ಡಿಪ್ಲೊಮಾ ಇತ್ತು. ಆ ಊರಿನ ಉಧ್ನಾದಲ್ಲಿ ಸೀರೆ ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರ ಲ್ಯಾಬಿಗೆ ಸೇರಿಕೊಂಡೆ. ಅಲ್ಲಿ ಬಣ್ಣದ ಲೆಕ್ಕವೆಲ್ಲ ಡೈಯಿಂಗ್ ಮಾಸ್ಟರ್ ಕೈಯಲ್ಲಿ. ಯಾವ ಬಣ್ಣಕ್ಕೆ ಏನು ಬೆರೆಸಬೇಕು, ಮಷೀನಿಗೆ ಎಷ್ಟು ಬಿಸಿ ಕೊಡಬೇಕು, ಎಲ್ಲ ಅವರು ಹೇಳಿದಂತೆ. ನಮ್ಮ ಮುದುಕ ಮಾಸ್ಟರ್‌ಗೆ ಲಕ್ವ ಹೊಡೆದು ಮನೆ ಹಿಡಿದಾಗ, ಅವರ ಕೈಕೆಳಗೆ ಕಲಿತಿದ್ದ ನನಗೇ ಆ ಕೆಲಸ ಬಂತು.

ಬಾಗಿಲಿಗೆ ಹೊಸ ಬೋರ್ಡು ಬರೆಸುವ ದಿನ ಮಿಲ್ಲಿನ ಮಾಲೀಕ ಶೇಠ್ ಎಲ್ಲರೆದುರು ಕೇಳಿದರು, "ಮಾಸ್ಟರ್‌ಗೆ ಹೆಂಗಸಾದರೆ ಇಂಗ್ಲಿಷಿನಲ್ಲಿ ಮಿಸ್ಟ್ರೆಸ್ ಅಲ್ಲವೇ, ಬೆನ್? ಹಾಗೆ ಬರೆಸಿದರೆ ನನ್ನ ಹೆಂಡತಿ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ."

ಗಂಡಸರೆಲ್ಲ ನಕ್ಕರು. ಇಟ್ಟುಕೊಂಡವಳು ಎನ್ನುವ ಅರ್ಥ ತಿಳಿದೂ ನಾನೂ ಹಲ್ಲು ಕಿರಿದೆ. ಕೊನೆಗೆ ‘ಲೇಡಿ ಡೈಯಿಂಗ್ ಮಾಸ್ಟರ್’ ಎಂದು ಬರೆಸಿದರು. ಮಷೀನಿನವರು ಮಾತ್ರ ಮೊದಲ ವಾರದಿಂದಲೇ ಮಾಸ್ಟರ್‌ಬೆನ್ ಎಂದರು; ಬೆನ್ ಎಂದರೆ ಗುಜರಾತಿಯಲ್ಲಿ ಅಕ್ಕ. ಆ ಹೆಸರು ನನಗೆ ಹಿಡಿಸಿತ್ತು.

ಮನೆಯಲ್ಲಿ ಹೇಳಿದರೆ ಗಂಡ, "ನಮ್ಮ ಕಡೆ ಸಾಲ್ಯಾಗ ಗಂಡಸರು ಮಾಸ್ತರು, ಹೆಂಗಸರು ಅಕ್ಕೋರು. ಅಷ್ಟಕ್ಕ ಮುಗೀತು. ನೀ ಯಾಕ ತಲಿ ಕೆಡಿಸ್ಕೋತಿ?" ಎಂದರು.

ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಶೇಠರ ಮಗ ಮಿಲ್ಲು ನೋಡಿಕೊಳ್ಳತೊಡಗಿದ. ಹೊರದೇಶದ ಖರೀದಿದಾರರು ಬರುತ್ತಾರೆಂದು ಎಲ್ಲ ಬೋರ್ಡು ಬದಲಾಯಿಸಿದ. ಫೋರ್‌ಮನ್ ಸೂಪರ್‌ವೈಸರ್ ಆದ, ವಾಚ್‌ಮನ್ ಸೆಕ್ಯೂರಿಟಿಯಾದ. ನಾನು ಕಲರ್ ಕೋಆರ್ಡಿನೇಟರ್ ಆದೆ.

"ಇನ್ನು ನಿಮ್ಮ ಕೆಲಸದ ಹೆಸರಿಗೆ ಯಾರೂ ನಗುವುದಿಲ್ಲ, ಬೆನ್," ಎಂದ. "ಇದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ."

ಖುಷಿಯಾಗಿ ಪೇಡಾ ಹಂಚಿದೆ.

ಆ ತಿಂಗಳೇ ಬೇರೆ ಮಿಲ್ಲಿನಿಂದ ಒಬ್ಬನನ್ನು ಕರೆತಂದು ‘ಹೆಡ್, ಡೈಯಿಂಗ್’ ಮಾಡಿದರು. ಅದರಲ್ಲೂ ಗಂಡು ಹೆಣ್ಣು ಇರಲಿಲ್ಲ. ಆದರೆ ಮಷೀನಿನವರು ಅವನನ್ನು ಮಾಸ್ಟರ್ ಎಂದರು, ನನ್ನನ್ನು ಮೇಡಂ ಎಂದರು. ನನ್ನ ಪಾಲಿಗೆ ಉಳಿದದ್ದು ಇ-ಮೇಲ್, ಮತ್ತು ವಿದೇಶಿಯರು ಬಂದಾಗ ಒಳ್ಳೆಯ ಸೀರೆಯುಟ್ಟು ಫೋಟೋಕ್ಕೆ ಮುಂದೆ ನಿಲ್ಲುವುದು.

ಒಮ್ಮೆ ಕಡುನೀಲಿ ಬಟ್ಟೆ ಮಷೀನಿನಲ್ಲಿದ್ದಾಗ ಬಿಸಿ ಬೇಗ ಏರಿಸುತ್ತಿದ್ದಾರೆಂದು ಕಂಡು, "ನಿಧಾನ ಮಾಡಿಸಿ, ಬಣ್ಣ ಒಂದೇ ಸಮ ಕೂರುವುದಿಲ್ಲ," ಎಂದೆ. "ನೀವು ನಿಮ್ಮ ಮೇಲ್ ನೋಡಿಕೊಳ್ಳಿ, ಮೇಡಂ," ಎಂದ ಹೊಸ ಮಾಸ್ಟರ್. ಬಟ್ಟೆಯೆಲ್ಲ ಪಟ್ಟೆಪಟ್ಟೆಯಾಗಿ ಹೊರಬಂತು. ಮೀಟಿಂಗಿನಲ್ಲಿ ಶೇಠರ ಮಗ ನನ್ನತ್ತ ತಿರುಗಿ, "ಕೋಆರ್ಡಿನೇಷನ್ ತಪ್ಪಿದೆ," ಎಂದ. ಆ ಮಾಸ್ಟರ್ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ.

ಮರುದಿನ ಕೆಲಸ ಬಿಟ್ಟೆ.

"ಒಂದು ಹೆಸರಿನ ಸಲುವಾಗಿ ಕೆಲಸ ಬಿಡೂದೇನ?" ಎಂದರು ಗಂಡ.

"ಹೆಸರಿನ ಸಲುವಾಗಿ ಅಲ್ರೀ. ಹೆಸರು ಛಲೋನ ಕೊಟ್ಟಿದ್ರು," ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಮಿಲ್ಲಿನವರು ಕೊಟ್ಟ ಅನುಭವ ಪತ್ರದಲ್ಲಿ ನಾನು ಲ್ಯಾಬ್ ಬಿಟ್ಟು ಮಾಸ್ಟರ್ ಆದ ದಿನದಿಂದಲೂ ಕೋಆರ್ಡಿನೇಟರ್ ಎಂದೇ ಇತ್ತು. ಸರಿಮಾಡಿಕೊಡಿ ಎಂದು ಕೇಳಿದ್ದಕ್ಕೆ, "ಹಳೆಯ ಪದ ಈಗ ಬಳಸುವುದಿಲ್ಲ, ಬೆನ್," ಎಂದರು. ನಾಲ್ಕಾರು ಮಿಲ್ಲು ಅಲೆದೆ. "ನಮಗೆ ಮಾಸ್ಟರ್ ಬೇಕು. ನೀವು ಆಫೀಸಿನವರು," ಎಂದು ಎಲ್ಲರೂ ಮರ್ಯಾದೆಯಿಂದಲೇ ಕಳಿಸಿದರು.

ಈಗ ಸೂರತ್‌ನಲ್ಲೇ ಪಾಂಡೇಸರಾದ ಒಂದು ಮಿಲ್ಲಿನಲ್ಲಿ ಮತ್ತೆ ಲ್ಯಾಬಿನಲ್ಲಿದ್ದೇನೆ. ಮಾದರಿಗೆಂದು ಬಟ್ಟೆಯ ಚಿಕ್ಕ ಚಿಕ್ಕ ತುಂಡುಗಳಿಗೆ ಬಣ್ಣ ಹಾಕಿ ಒಣಗಿಸಿ ಮೇಲೆ ಕಳಿಸುತ್ತೇನೆ. ಇಲ್ಲಿನ ಮಾಸ್ಟರ್ ನನಗಿಂತ ಬಹಳ ಚಿಕ್ಕವನು. ಅವನು ಬೆರೆಸುವುದರಲ್ಲಿ ತಪ್ಪು ಕಂಡರೂ ಸುಮ್ಮನಿರುತ್ತೇನೆ. ಕೇಳಿದರೆ ಹೇಳಬಹುದು. ಅವನು ಕೇಳುವುದಿಲ್ಲ.